ಅಪ್ಪನ ಮೋಟಾರಿನ ಹಿಂದಿನ ಅಚ್ಚು

ಕುಮಟೆಗೆ ಹೋಗಿಬರುವುದೆಂದರೆ ಬುತ್ತಿ ಕಟ್ಟಿಕೊಂಡು ಹೊರಡುವ ಕಾಲ ಅದು. ಯುದ್ಧದ ದೆಸೆಯಿಂದ ಪೆಟ್ರೋಲಿಗೂ ಚೀಟಿ, ಸೀಮೆಎಣ್ಣೆಗೂ ಚೀಟಿ. ಇದ್ದಿಲ ಹೊಗೆಯಲ್ಲಿ ಕೆಮ್ಮುತ್ತ ಬರುವ ಬಸ್ಸು ಬಂದರೆ ಬಂತು, ಇಲ್ಲದಿದ್ದರೆ ಎತ್ತಿನ ಗಾಡಿಯೇ ಗತಿ. ಅಂಥ ಕಾಲದಲ್ಲಿ ಹಳದೀಪುರದ ಹತ್ತಿರದ ನಮ್ಮ ಮನೆಯಂಗಳದಲ್ಲಿ ಒಂದು ಮೋಟಾರು ಇತ್ತು ಎಂದರೆ ನೀವು ನಮ್ಮನ್ನು ಸಾಹುಕಾರರೆಂದೇ ತಿಳಿದೀರಿ. ಅಯ್ಯೋ, ಅದು ಚಿರೆಕಲ್ಲುಗಳ ಮೇಲೆ ಕೂತ ಮೋಟಾರು! ಅಪ್ಪ ಡ್ರೈವರಿಕೆ ಮಾಡುತ್ತಿದ್ದ ಮನೆಯ ಧನಿಗಳು, ಹಿಂದಿನ ಅಚ್ಚು ಮುರಿದು ಮೂಲೆಗೆ ಬಿದ್ದ ಗಾಡಿಯನ್ನು ಅವನಿಗೇ ಕೊಟ್ಟುಬಿಟ್ಟಿದ್ದರು. ಅಪ್ಪ ಅದನ್ನು ಎತ್ತು ಕಟ್ಟಿ ಎಳೆಸಿಕೊಂಡು ಬಂದಿದ್ದ. ಎರಡು ವರ್ಷ ಅದರ ಹಿಂದಿನ ಸೀಟಿನಲ್ಲಿ ನಮ್ಮ ಕೋಳಿಗಳು ಮೊಟ್ಟೆಯಿಟ್ಟವು, ಮುಂದಿನ ಸೀಟಿನಲ್ಲಿ ಕೂತು ನಾನು ಬಾಯಲ್ಲೇ ಹಾರ್ನು ಬಾರಿಸುತ್ತ ಬೊಂಬಾಯಿಗೆ ಹೋಗಿಬರುತ್ತಿದ್ದೆ.

ಆ ವರ್ಷ ಗೇರುಹಣ್ಣಿನ ಕಾಲಕ್ಕೆ ಸೀತಕ್ಕ ತುಂಬುಗರ್ಭಿಣಿಯಾಗಿ ತವರಿಗೆ ಬಂದಳು. ಅವಳ ಮೊದಲ ಮಗು ಹೊಟ್ಟೆಯಲ್ಲಿ ಅಡ್ಡ ತಿರುಗಿ, ಸೂಲಗಿತ್ತಿಯ ಕೈಯಲ್ಲೇ ಹೋಗಿತ್ತು. ಅಕ್ಕ ಉಳಿದದ್ದೇ ಹೆಚ್ಚು. ಅಪ್ಪ ಆವತ್ತೇ ಜಗುಲಿಯ ಮೇಲೆ ನಿಂತು ಹೇಳಿದ:

"ಈ ಸಲ ಸೂಲಗಿತ್ತಿ ಕೈಗೆ ಬಿಡೂದಿಲ್ಲ. ನೋವು ಸುರುವಾದ ಕೂಡ್ಲೆ ಕುಮಟೆ ಡಾಕ್ಟರ ಹತ್ರ ನಾನೇ ಕರ್ಕಂಡು ಹೋಗ್ತೆ."

"ಎಂತದ್ರಲ್ಲಿ? ಈ ಕೋಳಿಗೂಡಲ್ಲಾ?" ಎಂದಳು ಅಮ್ಮ. ಕುಮಟೆಯಲ್ಲಿ ಮೊದಲೇ ಹೋಗಿ ಇಳಿದುಕೊಳ್ಳಲು ನಮಗೆ ನೆಂಟರಿರಲಿಲ್ಲ. ಎತ್ತಿನ ಗಾಡಿಯಲ್ಲಿ ಅರ್ಧ ದಿನ ಕುಲುಕಿಸಿಕೊಂಡು ಹೋದರೆ ಅಕ್ಕ ದಾರಿಯಲ್ಲೇ ಸಾಯುತ್ತಾಳೆಂದು ಅಮ್ಮನಿಗೂ ಗೊತ್ತಿತ್ತು. ಅಣಕಿಸಿದವಳು ಒಳಗೆ ಹೋಗಿ ಅತ್ತಳು.

ಅಚ್ಚು ಸಿಕ್ಕಿದ್ದು ಭಟ್ಕಳದಲ್ಲಿ. ಅಪ್ಪನ ಜೊತೆ ಹಿಂದೆ ಬೊಂಬಾಯಿಯ ಗ್ಯಾರೇಜಿನಲ್ಲಿ ದುಡಿದ ಹಸನ್ ಸಾಹೇಬರು, ಅಂಥದೇ ಒಂದು ಹಳೇ ಮೋಟಾರಿನಿಂದ ಎರಡೂ ಕಡೆಯ ಅಚ್ಚು ಬಿಚ್ಚಿಸಿ, ಗೋಣಿ ಸುತ್ತಿ, ಹಾಯಿ ಮಚವೆಯಲ್ಲಿ ಹೊನ್ನಾವರ ಬಂದರಿಗೆ ತಂದರು. ತುಕ್ಕು ಹಿಡಿಯದಂತೆ ಅವಕ್ಕೆ ಮೀನೆಣ್ಣೆ ಬಳಿದಿದ್ದರು. ಅಂಗಳವೆಲ್ಲ ಮೀನೆಣ್ಣೆ, ಗೇರುಹಣ್ಣು, ಸೀಮೆಎಣ್ಣೆಯ ವಾಸನೆ. ಸಾಹೇಬರು ಅಪ್ಪನಿಗೆ ಕೆಲಸದ ವಿವರವನ್ನೆಲ್ಲ ಹೇಳಿ ಅದೇ ದಿನ ಮಚವೆ ಹತ್ತಿದರು. ನಾನು ಆಗ ಮನೆಯ ಹಿಂದಿನ ಗುಡ್ಡದ ಬೇಣದಲ್ಲಿ ಗೇರುಬೀಜ ಹೆಕ್ಕುತ್ತಿದ್ದೆ, ಅವರು ಹೇಳಿದ್ದು ಒಂದೂ ನನ್ನ ಕಿವಿಗೆ ಬೀಳಲಿಲ್ಲ.

ಅಪ್ಪನಿಗೆ ಗ್ಯಾರೇಜಿಲ್ಲ, ಆಳಿಲ್ಲ. ನಟ್ಟು ತಿರುಗಿಸುವ ನಾಲ್ಕು ಪಾನಾ, ಒಂದು ಸುತ್ತಿಗೆ, ಒಂದು ಜಾಕು, ಧನಿಗಳ ಚೀಟಿಯಲ್ಲಿ ಸಿಕ್ಕ ಒಂದು ಡಬ್ಬಿ ಪೆಟ್ರೋಲು, ಅಷ್ಟೇ. ಐದು ದಿನ ಗಾಡಿಯಡಿ ಮಲಗಿಕೊಂಡೇ ಇದ್ದ. ಮುರಿದ ಅಚ್ಚಿನ ತುಂಡು ಹೊರಗೆ ಬರಲು ಹಟ ಹಿಡಿದಾಗ ಅದನ್ನು ಬೈದ ಬೈಗುಳ ನಾನು ಇಲ್ಲಿ ಬರೆಯಲಾರೆ. ಒಳಗಿನಿಂದ ಅಕ್ಕ ಒಂದು ಸಲ ನರಳಿದರೆ ಸಾಕು, ಅಪ್ಪನ ಕೈಯಿಂದ ಪಾನಾ ಜಾರುತ್ತಿತ್ತು.

ಆರನೇ ದಿನ ಹೊಸ ಅಚ್ಚು ಎರಡೂ ಒಳಗೆ ಕೂತವು. ಇನ್ನು ಚಕ್ರ ಕೂರಿಸುವುದೊಂದೇ ಬಾಕಿ. ಅಚ್ಚಿನ ಸಪೂರ ತುದಿಗಳನ್ನು ಅಪ್ಪ ಸೀಮೆಎಣ್ಣೆಯಲ್ಲಿ ತೊಳೆದು, ಬಟ್ಟೆಯಿಂದ ಉಜ್ಜಿ, ಬಿಸಿಲಿಗೆ ಬಿಟ್ಟು ಗಂಜಿ ಉಣ್ಣಲು ಹೋದ.

ಬರಿಗಬ್ಬಿಣ ಬಿಸಿಲಲ್ಲಿ ಮಿಂಚುತ್ತಿತ್ತು. ನಮ್ಮ ಕಡಲಗಾಳಿಗೆ ಬೆಳಿಗ್ಗೆ ತೊಳೆದಿಟ್ಟ ಕತ್ತಿ ಸಂಜೆಗೆ ಕೆಂಪಾಗುತ್ತದೆ. ಕತ್ತಿ, ಹೆರೆಮಣೆ, ಬಾವಿಯ ಗಡಗಡೆ, ಪೆಟ್ಟಿಗೆಯ ಬೀಗ, ಎಲ್ಲಕ್ಕೂ ಎಣ್ಣೆ ಹಚ್ಚುವುದು ಮನೆಯಲ್ಲಿ ನನ್ನ ಕೆಲಸ. ಮರೆತರೆ ಅಮ್ಮನ ಕೈಯಲ್ಲಿ ಬೆನ್ನಿಗೆ ಬೀಳುತ್ತಿತ್ತು. ಪಾಪ, ಅಪ್ಪ ಅವಸರದಲ್ಲಿ ಮರೆತಿದ್ದಾನೆ ಎಂದುಕೊಂಡೆ. ಸಾಹೇಬರು ಬಿಟ್ಟುಹೋದ ಮೀನೆಣ್ಣೆಯಲ್ಲಿ ಬೆರಳದ್ದಿ ಎರಡೂ ತುದಿಗೆ ತೆಳ್ಳಗೆ, ಚೆಂದಾಗಿ ಸವರಿದೆ.

ಅಷ್ಟರಲ್ಲಿ ಅಮ್ಮ ಕೂಗಿದಳು: "ಹೋಯ್, ಕೇಳ್ತೋ! ಸೀತೆಗೆ ಸುರುವಾತು!"

ಅಪ್ಪ ಎಂಜಲುಗೈಯಲ್ಲೇ ಓಡಿಬಂದ. ನೋಡಲಿಲ್ಲ, ಮುಟ್ಟಿ ಪರೀಕ್ಷಿಸಲಿಲ್ಲ. ಅಚ್ಚಿಗೂ ಚಕ್ರಕ್ಕೂ ನಡುವೆ ಸಿಗಿಸುವ ಕೀಲು ಇಟ್ಟ, ಚಕ್ರ ತೂರಿಸಿದ, ಮೈಭಾರವೆಲ್ಲ ಹಾಕಿ ನಟ್ಟು ಬಿಗಿದ. ಹಿಂದಿನ ಸೀಟಿನಲ್ಲಿ ಅಕ್ಕನನ್ನು ಮಲಗಿಸಿದೆವು, ಅವಳ ತಲೆ ನನ್ನ ತೊಡೆಯ ಮೇಲೆ, ಕಾಲು ಅಮ್ಮನ ಮಡಿಲಲ್ಲಿ. ಮೋಟಾರು ಹೊರಟೇಬಿಟ್ಟಿತು! ಅಪ್ಪ ಒಮ್ಮೆ ಹಿಂದಿರುಗಿ ನಕ್ಕ. ಅವನು ಹಾಗೆ ನಕ್ಕಿದ್ದನ್ನು ನಾನು ಆಮೇಲೆ ಕಾಣಲಿಲ್ಲ.

ಧಾರೇಶ್ವರ ದಾಟಿ ಒಂದು ಏರಿನಲ್ಲಿ ಇಂಜಿನು ಗರ್ರೆಂದಿತು, ಗಾಡಿ ಮುಂದೆ ಹೋಗಲಿಲ್ಲ. ಅಪ್ಪ ಹಾರಿ ಇಳಿದು ಎಡಚಕ್ರ ಬಿಚ್ಚಿದ. ಕೀಲು ಎರಡು ತುಂಡಾಗಿತ್ತು. ಅಚ್ಚಿನ ತುದಿಗೆ ಬೆರಳು ಸವರಿ ಮೂಸಿದ.

"ಎಣ್ಣೆ..." ಎಂದ. "ಇಲ್ಲಿ ಎಣ್ಣೆಯ ಪಸೆ ಇರೂಕಾಗ, ಚಕ್ರ ಜಾರ್ತದೆ, ಕೀಲು ತುಂಡಾಗ್ತದೆ ಅಂತ ಹಸನ್ ಸಾಹೇಬ್ರು ನೂರು ಸಲ ಹೇಳಿದ್ರು. ನಾನೇ ಸಮಾ ಒರ್ಸ್ಲಿಲ್ಲ. ನನ್ನ ಕೈ ಸುಟ್ಟೋಗ್ಲಿ."

ಎಣ್ಣೆ ಹಚ್ಚಿದ್ದು ನಾನು ಎಂದು ಹೇಳಲು ಬಾಯಿ ತೆರೆದೆ. ಅಕ್ಕ ನನ್ನ ಕೈಯನ್ನು ಹಿಚುಕಿ ಹಿಡಿದಳು, ನೋವಿಗೆಂದುಕೊಂಡು ಅವಳತ್ತ ಬಾಗಿದೆ. ಹೇಳಲಿಲ್ಲ.

ಅಪ್ಪ ದೊಡ್ಡ ಮೊಳೆಯೊಂದನ್ನು ಕಡಿದು ಕೀಲಿನ ಜಾಗಕ್ಕೆ ಬಡಿದ. ಇಪ್ಪತ್ತು ಮಾರು ಹೋಗುವುದರೊಳಗೆ ಅದೂ ತುಂಡಾಯಿತು. ಎತ್ತಿನ ಗಾಡಿಗಾಗಿ ಊರೊಳಗೆ ಓಡಿದ. ಎತ್ತು ಸಿಕ್ಕಿ ನಾವು ಕುಮಟೆ ಮುಟ್ಟುವಾಗ ಹೊತ್ತು ಮುಳುಗುತ್ತಿತ್ತು. ಡಾಕ್ಟರು ಅಕ್ಕನನ್ನು ಉಳಿಸಿದರು. ಮಗು ಗಂಡು, ಉಳಿಯಲಿಲ್ಲ. ಒಂದು ತಾಸು ಮೊದಲು ತಂದಿದ್ದರೆ ಅದೂ ಉಳಿಯುತ್ತಿತ್ತು ಎಂದರು. ಅಕ್ಕನಿಗೆ ಮತ್ತೆ ಮಕ್ಕಳಾಗಲಿಲ್ಲ.

ಅಪ್ಪ ಮೋಟಾರನ್ನು ಗುಜರಿಗೆ ಕೊಟ್ಟ. ಕೊನೆಯವರೆಗೂ ಪಾನಾ ಮುಟ್ಟಲಿಲ್ಲ. ಡ್ರೈವರಿಕೆಗೆ ಕರೆ ಬಂದರೆ "ನನ್ನ ಕೈ ನಂಬೂಕಾಗ" ಎಂದು ಕಳಿಸಿಬಿಡುತ್ತಿದ್ದ. ಬಂಡಿಯ ಬಾರುಕೋಲು ಹಿಡಿದು ಮುದುಕನಾದ.

ಈಗ ನಮ್ಮ ಊರಿಂದ ಕುಮಟೆಗೆ ಇಪ್ಪತ್ತು ನಿಮಿಷ. ಧಾರೇಶ್ವರದ ಆ ಏರನ್ನು ಕಡಿದು ಸಪಾಟು ಮಾಡಿದ್ದಾರೆ, ಅಲ್ಲಿ ಏರಿತ್ತೆಂದರೆ ನನ್ನ ಮೊಮ್ಮಕ್ಕಳು ನಂಬುವುದಿಲ್ಲ.

ಅಪ್ಪ ಸತ್ತ ಹನ್ನೆರಡನೇ ದಿನ, ನೆಂಟರೆಲ್ಲ ಹೋದ ಮೇಲೆ, ಅಕ್ಕನ ಕಾಲು ಹಿಡಿದು ಎಲ್ಲ ಹೇಳಿಬಿಟ್ಟೆ. ಅವಳು ಮೆಣಸಿನಕಾಯಿಯ ತೊಟ್ಟು ಮುರಿಯುತ್ತಿದ್ದವಳು ಕೈ ನಿಲ್ಲಿಸಲಿಲ್ಲ.

"ಗೊತ್ತಿತ್ತು ಹೆಣ್ಣೆ. ನೀ ಹಚ್ಚೂದನ್ನ ನಾ ಒಳಗಿಂದ ನೋಡಿದ್ದೆ, ಅದು ತಪ್ಪು ಅಂತ ಆಗ ನಂಗೂ ಗೊತ್ತಿರ್ಲಿಲ್ಲ. ಮೋಟಾರು ನಿಂತಾಗ ನೀ ಹೇಳೂಕೆ ಹೋದೆ, ಅದಕ್ಕೇ ಕೈ ಹಿಚುಕಿದ್ದೆ. ಹನ್ನೊಂದು ವರ್ಷದ್ದು ನೀನು, ಜೀವಮಾನ ಪೂರ್ತಿ ಅದ್ನ ಹೊರೂಕೆ ಆಗ್ತಿತ್ತಾ?"

"ಅದ್ನ ಅಪ್ಪ ಹೊತ್ನಲ್ಲೆ ಅಕ್ಕಾ."

"ಅಪ್ಪ ದೊಡ್ಡವ, ತಡ್ಕಂತ ಅಂದ್ಕಂಡಿದ್ದೆ" ಎಂದಳು ಅಕ್ಕ.

ಅವನು ತಡೆದುಕೊಂಡಿರಲಿಲ್ಲ ಎಂದು ನಮ್ಮಿಬ್ಬರಿಗೂ ಗೊತ್ತಿತ್ತು.