ಶುಕ್ರವಾರ ಸತ್ತ ಲಕ್ಕಣ್ಣ

ಲಕ್ಕಣ್ಣ ಸತ್ತಿರಲಿಲ್ಲ. ಟೀವಿ ಸೀರಿಯಲ್ಲಿನಲ್ಲಿ ಅವನು ಮಾಡುತ್ತಿದ್ದ ಇನ್‌ಸ್ಪೆಕ್ಟರು ಸತ್ತಿದ್ದ. ಅಷ್ಟಕ್ಕೇ ಅವನ ಅಭಿಮಾನಿಗಳು ಬಸ್‌ಸ್ಟಾಪಿನಲ್ಲಿ ಶ್ರದ್ಧಾಂಜಲಿ ಫ್ಲೆಕ್ಸ್ ಕಟ್ಟಿದರು, ಲೇತ್ ಅಂಗಡಿಯ ಓನರು ಅದನ್ನು ನಂಬಿದರು, ಲಕ್ಕಣ್ಣನ ಕೆಲಸ ಹೋಯಿತು. ನಡೆದದ್ದು ಇಷ್ಟೇ. ಬೇಕರಿ ಮುಂದೆ ನಿಂತು ಪ್ರೀತಿ, ಅಭಿಮಾನ ಅಂತ ಹೇಳುವವರೆಲ್ಲ ಇದಕ್ಕೆ ಬಣ್ಣ ಬಳಿಯುತ್ತಿದ್ದಾರೆ.

ರಾಜಗೋಪಾಲನಗರದ ನಮ್ಮ ವಠಾರದ ಮೂರನೇ ಮನೆಯಲ್ಲಿ ಅವನು ಹನ್ನೊಂದು ವರ್ಷ ಬಾಡಿಗೆಗಿದ್ದ. ಕುಣಿಗಲ್ ಕಡೆಯವನು. ಆಳು ಕುಳ್ಳ, ಎದೆ ಅಗಲ, ಮೀಸೆ ಮಾತ್ರ ಇನ್ಯಾವನೋ ಆರಡಿ ಮನುಷ್ಯನಿಗೆ ಮಾಡಿಸಿದ್ದನ್ನು ತಂದು ಇವನಿಗೆ ಅಂಟಿಸಿದ ಹಾಗೆ. ಪೀಣ್ಯದ ಒಂದು ಲೇತ್ ಅಂಗಡಿಯಲ್ಲಿ ಟರ್ನರ್ ಕೆಲಸ, ಮೆಷೀನಿನಲ್ಲಿ ಕಬ್ಬಿಣ ಕಡೆಯುವುದು. ಅಲ್ಲಿ ಎಲ್ಲರಿಗೂ ಖಾಕಿ ಬಟ್ಟೆ ಕೊಡುತ್ತಿದ್ದರು. ಮಿಕ್ಕವರು ಅದನ್ನು ಎಣ್ಣೆ ಒರೆಸುವ ಚಿಂದಿಯ ಹಾಗೆ ಹಾಕಿಕೊಂಡರೆ ಇವನು ಗಂಜಿ ಹಾಕಿಸಿ, ಇಸ್ತ್ರಿ ಮಾಡಿಸಿ, ಮಡಿಕೆ ಮುರಿಯದ ಹಾಗೆ ಹಾಕಿಕೊಳ್ಳುತ್ತಿದ್ದ. ಬೆಳಿಗ್ಗೆ ನಾನು ಹಸುವಿಗೆ ಹುಲ್ಲು ಹಾಕುತ್ತಿದ್ದರೆ ಊಟದ ಡಬ್ಬಿ ಕೆಳಗಿಟ್ಟು, ಹಿಮ್ಮಡಿ ಕೂಡಿಸಿ, ಒಂದು ಸೆಲ್ಯೂಟ್ ಹೊಡೆಯುತ್ತಿದ್ದ.

"ಗುಡ್ ಮಾರ್ನಿಂಗ್ ಮೇಡಂ. ಏನಾದ್ರೂ ಕಂಪ್ಲೇಂಟ್ ಐತಾ?"

"ಐತೆ. ನಿನ್ನ ಮನೆ ನಲ್ಲಿ ಸೋರ್ತಾ ಐತೆ. ಮೊದಲು ಅದನ್ನ ಅರೆಸ್ಟ್ ಮಾಡು."

ಹನ್ನೊಂದು ವರ್ಷವೂ ಇದೇ. ನಲ್ಲಿಯನ್ನು ಕೊನೆಗೆ ನಾನೇ ಸರಿ ಮಾಡಿಸಿದೆ.

ಚಿಕ್ಕವನಿದ್ದಾಗ ಅವನ ಊರಿನಲ್ಲಿ ಎರಡು ಮನೆಯವರು ಬದುವಿನ ವಿಷಯಕ್ಕೆ ಹೊಡೆದಾಡಿಕೊಂಡಿದ್ದರಂತೆ. ಪೊಲೀಸ್ ಜೀಪು ಬಂತಂತೆ. "ಜೀಪಿಂದ ಒಂದೇ ಒಂದು ಕಾಲು ಕೆಳಗಿಟ್ಟ ಅಜ್ಜಿ ಆ ಇನ್‌ಸ್ಪೆಕ್ಟರು. ಇನ್ನೊಂದು ಕಾಲು ಇನ್ನೂ ಒಳಗೇ ಐತೆ. ಊರಿಗೆ ಊರೇ ಗಪ್‌ಚಿಪ್" ಎಂದು ನನಗೆ ನೂರು ಸಲ ಹೇಳಿದ್ದಾನೆ. ಅವತ್ತಿನಿಂದ ಇವನಿಗೆ ಆ ಒಂದು ಕಾಲಿನ ಹುಚ್ಚು. ನಿಜವಾದ ಪೊಲೀಸಾಗಲು ಎತ್ತರ ಸಾಲಲಿಲ್ಲ. ಟೆಂಟಿನಲ್ಲಿ ಸಿನಿಮಾ ನೋಡಿದ ಮೇಲೆ, ವೇಷದ ಪೊಲೀಸಾದರೂ ಆಗಬಹುದು ಎಂದು ತಿಳಿಯಿತು. "ಎಲ್ಲಾ ಸಿನಿಮಾದಲ್ಲೂ ಪೊಲೀಸು ಬರೋದು ಕೊನೆಗೆ, ಎಲ್ಲ ಮುಗಿದ ಮೇಲೆ. ನನಗೇನಾದ್ರೂ ಆ ಪಾತ್ರ ಸಿಕ್ಕಿದ್ರೆ ಮೊದಲೇ ಬರ್ತೀನಿ ಅಜ್ಜಿ, ನೋಡ್ತಿರಿ" ಎನ್ನುತ್ತಿದ್ದ. ನಲವತ್ತು ಹತ್ತಿರವಾದ ಗಂಡಸು ಆಡುವ ಮಾತೇ ಇದು? ಅವನ ಹೆಂಡತಿ ಸರೋಜ ಗಾರ್ಮೆಂಟ್ಸಿಗೆ ಹೋಗುವವಳು. ಇವನು ಕನ್ನಡಿ ಮುಂದೆ ನಿಂತರೆ ಅವಳು ಕನ್ನಡಿಯನ್ನೇ ತೆಗೆದುಕೊಂಡು ಹೋಗಿ ಅಡಿಗೆಮನೆಯಲ್ಲಿ ತಲೆ ಬಾಚಿಕೊಳ್ಳುತ್ತಿದ್ದಳು.

ಒಂದು ಮಾತು ಮಾತ್ರ ಒಪ್ಪುತ್ತೇನೆ. ಅವನ ಕೈ ಕೆಲಸ ಚೆನ್ನಾಗಿತ್ತು. ನನ್ನ ಹುಲ್ಲು ಕತ್ತರಿಸುವ ಯಂತ್ರದ ಒಂದು ಬೋಲ್ಟು ಮುರಿದಾಗ, ಅಂಥದ್ದೇ ಇನ್ನೊಂದು ಎಲ್ಲಿಯೂ ಸಿಗಲಿಲ್ಲ. ಇವನು ಅಳತೆಯನ್ನೂ ತೆಗೆದುಕೊಳ್ಳದೆ, ಮುರಿದದ್ದನ್ನು ಅಂಗೈ ಮೇಲೆ ಹೊರಳಿಸಿ ನೋಡಿಕೊಂಡು ಹೋದ. ಸಂಜೆ ತಂದುಕೊಟ್ಟದ್ದು ಕೂದಲೆಳೆಯಷ್ಟೂ ಹೆಚ್ಚುಕಡಿಮೆ ಇಲ್ಲದೆ ಕೂತಿತು. ಇವತ್ತಿಗೂ ಅದೇ ಇದೆ. ಅಂಥ ಕೈ ಇಟ್ಟುಕೊಂಡವನಿಗೆ ಮೀಸೆಯ ಮೇಲೆ ಆಸೆ.

ಪಾತ್ರ ಸಿಕ್ಕಿದ್ದು ಹೀಗೆ. ಲೇತ್ ಅಂಗಡಿಯ ಪಕ್ಕದ ಮುಚ್ಚಿದ ಕಾರ್ಖಾನೆಯಲ್ಲಿ ಸೀರಿಯಲ್ ಶೂಟಿಂಗ್ ಇಟ್ಟುಕೊಂಡಿದ್ದರು. ಇನ್‌ಸ್ಪೆಕ್ಟರ್ ಪಾತ್ರದವನಿಗೆ ಕಾಮಾಲೆ ಬಂದು ಅವತ್ತು ಬಂದಿರಲಿಲ್ಲ. ಡೈರೆಕ್ಟರು ತಲೆ ಕೆಡಿಸಿಕೊಂಡು ಆಚೆ ಬಂದರೆ ಬಾಗಿಲಲ್ಲಿ ಲಕ್ಕಣ್ಣ ನಿಂತಿದ್ದಾನೆ, ಮಡಿಕೆ ಮುರಿಯದ ಖಾಕಿಯಲ್ಲಿ. ಡೈರೆಕ್ಟರನ್ನು ನೋಡಿದವನೇ ಸೆಲ್ಯೂಟ್ ಹೊಡೆದನಂತೆ. ಒಂದು ದಿನಕ್ಕೆಂದು ಕರೆದುಕೊಂಡು ಹೋದವರು ಐದು ತಿಂಗಳು ಇಟ್ಟುಕೊಂಡರು. ದಿನಾ ಸಂಜೆ ಏಳು ಗಂಟೆಗೆ ಇನ್‌ಸ್ಪೆಕ್ಟರ್ ಗಿರಿಧರ. ಜೀಪಿನಿಂದ ಒಂದು ಕಾಲು ಕೆಳಗೆ. ನಿಲ್ಲುತ್ತಾನೆ. ಆಮೇಲೆ ಇನ್ನೊಂದು ಕಾಲು. ನಟನೆ ಅಂದರೆ ಇಷ್ಟೇ ಅವನದು. ಜನಕ್ಕೆ ಅಷ್ಟೇ ಸಾಕಾಯಿತು.

ಲೇತ್ ಅಂಗಡಿಯ ಓನರು ರಂಗರಾಯರು ವಯಸ್ಸಾದವರು, ಟೀವಿ ನೋಡುವವರಲ್ಲ. "ಹೋಗಿ ಆಸೆ ತೀರಿಸ್ಕೊಂಡು ಬಾರಪ್ಪ. ನಿನ್ನ ಮೆಷೀನು ಯಾರಿಗೂ ಕೊಡಲ್ಲ" ಎಂದು ಬಟ್ಟೆ ಹೊದಿಸಿ ಇಟ್ಟರು. ಐದು ತಿಂಗಳು ಆ ಮೆಷೀನು ಹಾಗೇ ನಿಂತಿತ್ತು.

ಇನ್ನು ಅಭಿಮಾನಿಗಳು. ಬಸ್‌ಸ್ಟಾಪಿನ ಹತ್ತಿರ ಫ್ಲೆಕ್ಸ್ ಅಚ್ಚು ಹಾಕುವ ಕುಮಾರ ಎಂಬವನಿದ್ದಾನೆ. ಯಾರು ಹುಟ್ಟಿದರೂ ಯಾರು ಸತ್ತರೂ ಅವನಿಗೆ ಒಂದೇ, ಫ್ಲೆಕ್ಸ್ ಆಗಬೇಕು. ಅವನೇ ಅಭಿಮಾನಿ ಬಳಗ ಕಟ್ಟಿ ಅವನೇ ಅಧ್ಯಕ್ಷನಾದ. ಹತ್ತು ವರ್ಷ ಲಕ್ಕಣ್ಣ ಇದೇ ಬೀದಿಯಲ್ಲಿ ಡಬ್ಬಿ ಹಿಡಿದು ನಡೆದಾಗ "ಲೋ ಕುಳ್ಳ" ಎನ್ನುತ್ತಿದ್ದವರು ಈಗ "ಅಣ್ಣ" ಎಂದರು. ಇವನ ಪಕ್ಕ ನಿಂತು ಮೊಬೈಲಿನಲ್ಲಿ ಫೋಟೋ ತೆಗೆಸಿಕೊಂಡರು. ಯಾರೋ ಗೇಟಿಗೆ ಅಡ್ಡ ಕಾರು ನಿಲ್ಲಿಸಿದರೆ ಇವನನ್ನು ಕರೆದುಕೊಂಡು ಹೋಗಿ ಅದರ ಮುಂದೆ ನಿಲ್ಲಿಸಿದರು. ಇವನೂ ಹೋಗಿ ನಿಂತ.

ನೂರನೇ ಎಪಿಸೋಡಿಗೆ ಹಾಲಿನ ಅಭಿಷೇಕವಂತೆ. ಕುಮಾರ ನಾಲ್ಕು ಜನರನ್ನು ಕಟ್ಟಿಕೊಂಡು ಬಕೆಟ್ ಹಿಡಿದು ಬಂದ.

"ಅಜ್ಜಿ, ಸ್ವಲ್ಪ ಹಾಲು ಕೊಡಿ. ಅಣ್ಣನ ಕಟೌಟಿಗೆ."

"ಅಣ್ಣನಿಗೇ ಕುಡಿಸ್ರೋ. ಒಣಗಿಹೋಗವ್ನೆ."

"ಹಂಗಲ್ಲ ಅಜ್ಜಿ, ಇದು ಪ್ರೀತಿ. ನಿಮಗೆ ಗೊತ್ತಾಗಲ್ಲ."

ಗೊತ್ತಾಗದಿದ್ದರೆ ಗೊತ್ತಾಗುವುದನ್ನೇ ಕೊಡೋಣ ಎಂದು ಒಳಗೆ ಹೋಗಿ, ವಠಾರದ ಎಂಟು ಮನೆಯವರು ಹಸುವಿಗೆಂದು ತಂದು ಸುರಿದಿದ್ದ ಅಕ್ಕಿ ತೊಳೆದ ಕಲಗಚ್ಚನ್ನು ಬಟ್ಟೆಯಲ್ಲಿ ಸೋಸಿ ಬಕೆಟ್ ತುಂಬ ಕೊಟ್ಟೆ. ಬೆಳ್ಳಗಿತ್ತು. ಜೈಕಾರ ಹಾಕುತ್ತಾ ಸುರಿದರು, ವಿಡಿಯೋ ಮಾಡಿಕೊಂಡರು, ಒಬ್ಬನು ಕೈಯಲ್ಲಿ ಹಿಡಿದು ತೀರ್ಥದ ಹಾಗೆ ಕುಡಿದೂ ಬಿಟ್ಟ. ಒಬ್ಬನಿಗೂ ತಿಳಿಯಲಿಲ್ಲ. ಅವರ ಪ್ರೀತಿಗೆ ಕಣ್ಣು ಮೂಗು ನಾಲಗೆ ಏನೂ ಇಲ್ಲ ಎಂದು ನಾನು ಅವತ್ತೇ ಬರೆದಿಟ್ಟುಕೊಳ್ಳಬೇಕಿತ್ತು.

ಲಕ್ಕಣ್ಣನಿಗೆ ಹೇಗೋ ತಿಳಿಯಿತು. ಮಾರನೇ ದಿನ ಸೆಲ್ಯೂಟ್ ಹೊಡೆದು, "ನನಗೆ ಕಲಗಚ್ಚಲ್ಲಿ ಅಭಿಷೇಕ ಮಾಡ್ಸಿದ್ರಂತೆ" ಎಂದ.

"ಹಾಲು ಕರೂಗೆ ಬೇಕು ಕಣ್ಲಾ."

"ಸರಿ ಬಿಡಿ, ಸುರಿದ್ರಲ್ಲ" ಎಂದು ಮೀಸೆ ಒರೆಸಿಕೊಂಡ. ಅವನಿಗೆ ಸುರಿದದ್ದೇ ಮುಖ್ಯ, ಏನು ಸುರಿದರು ಎಂಬುದಲ್ಲ. ಅವರಿಗೆ ತಕ್ಕ ಇವನು.

ಆಮೇಲೆ ಒಂದು ದಿನ ಬಂದು ಹಸುವಿನ ಹಟ್ಟಿಯ ಮುಂದೆ ಕೂತ. "ಅಜ್ಜಿ, ಶುಕ್ರವಾರ ಸಾಯ್ತೀನಿ" ಎಂದ.

"ಯಾಕ್ಲಾ?"

"ಗುಂಡೇಟು. ಕತೆಯಲ್ಲಿ ನಾನು ಸಾಕಂತೆ. ಶೂಟಿಂಗ್ ಎಲ್ಲ ಮುಗೀತು, ಶುಕ್ರವಾರ ಟೀವಿಯಲ್ಲಿ ಬರ್ತದೆ. ಶನಿವಾರ ಊರಿಗೆ ಹೋಗಿ ದೇವ್ರಿಗೆ ಹರಕೆ ಮರಿ ಒಪ್ಪಿಸಿ ಬರ್ತೀವಿ. ಸೋಮವಾರ ಕೆಲಸಕ್ಕೆ ಹೋಗ್ತೀನಿ. ಓನರ್ ಎದುರಿಗೇ ಹೋಗಿ ನಿಂತ್ಕೋಬೇಕು, ಸೆಲ್ಯೂಟ್ ಹೊಡೀಬೇಕು, ಫೋನಲ್ಲಿ ಹೇಳಲ್ಲ."

ಫೋನಿನಲ್ಲಿ ಹೇಳಿದ್ದರೆ ಈ ಕತೆಯೇ ಇರುತ್ತಿರಲಿಲ್ಲ.

ಶುಕ್ರವಾರ ಸಂಜೆ ಟೀವಿಯಲ್ಲಿ ಸತ್ತ. ಬೇಕರಿ ಮುಂದೆ ಗಂಡಸರು ಅತ್ತರು. ಇವನ ಫೋನಿಗೆ ಕರೆ ಮೇಲೆ ಕರೆ ಬಂದು ತಾಳಲಾರದೆ ಆಫ್ ಮಾಡಿಟ್ಟ. ಶನಿವಾರ ಬೆಳಿಗ್ಗೆ ಗಂಡ ಹೆಂಡತಿ ಒಂದು ಗೂಡ್ಸ್ ಆಟೋದಲ್ಲಿ ಕುರಿಮರಿ ಏರಿಸಿಕೊಂಡು ಹೋದರು. ಹೊತ್ತೇರುವಷ್ಟರಲ್ಲಿ ಕುಮಾರ ಬಸ್‌ಸ್ಟಾಪಿನಲ್ಲಿ ಫ್ಲೆಕ್ಸ್ ಕಟ್ಟಿದ. ಇವನ ದೊಡ್ಡ ಮುಖ, ಮುಖಕ್ಕೆ ಹಾರ, ಕೆಳಗೆ ದೀಪ, ಸುತ್ತ ಇಪ್ಪತ್ತು ಜನ ಅಭಿಮಾನಿಗಳ ಮುಖ. "ಭಾವಪೂರ್ಣ ಶ್ರದ್ಧಾಂಜಲಿ. ಮತ್ತೆ ಹುಟ್ಟಿ ಬಾ ಲಕ್ಕಣ್ಣ." ಗಿರಿಧರ ಎಂದು ಹಾಕಲಿಲ್ಲ ಯಾಕೋ ಎಂದು ಆಮೇಲೆ ಕುಮಾರನನ್ನು ಕೇಳಿದೆ. "ಗಿರಿಧರ ಅಂತ ಹಾಕಿದ್ರೆ ನಮ್ಮ ಏರಿಯಾದವನು ಅಂತ ಯಾರಿಗೆ ಗೊತ್ತಾಗ್ತದೆ ಅಜ್ಜಿ?" ಎಂದ.

ನಾನು ಅದನ್ನು ನೋಡಿದ್ದೆ. ಓದಲಿಲ್ಲ. ಮೂರನೇ ಕ್ಲಾಸಿನ ಅಕ್ಷರ ನನ್ನದು, ಫ್ಲೆಕ್ಸಿಗೆ ಅದನ್ನು ಖರ್ಚು ಮಾಡುವುದಿಲ್ಲ. ಹುಟ್ಟುಹಬ್ಬಕ್ಕೂ ಸಾವಿಗೂ ಇವರು ಹಾಕುವುದು ಅದೇ ನಗುವ ಮುಖ, ಅದೇ ಹಾರ.

ಮಧ್ಯಾಹ್ನ ರಂಗರಾಯರು ಬಂದು ಗೇಟಿನಲ್ಲಿ ನಿಂತರು. ಕೈಯಲ್ಲಿ ಒಂದು ಹಾರವಿತ್ತು. ಲಕ್ಕಣ್ಣನಿಗೆ ಸನ್ಮಾನ ಮಾಡಲು ಇವರೂ ಬಂದರಲ್ಲ, ಮುದುಕರಿಗೂ ಹುಚ್ಚು ಹಿಡಿಯಿತಲ್ಲ ಎಂದುಕೊಂಡೆ.

"ಮನೆ ಬೀಗ ಹಾಕಿದೆಯಲ್ಲಮ್ಮ" ಎಂದರು.

"ಊರಿಗೆ ಹೋದ್ರು ಸ್ವಾಮಿ."

"ಊರಿಗೇ ತಗೊಂಡು ಹೋದ್ರಾ?"

ಕುರಿಮರಿಯ ವಿಷಯ ಕೇಳುತ್ತಿದ್ದಾರೆ ಎಂದುಕೊಂಡು, "ಹೂಂ, ಬೆಳಿಗ್ಗೇನೇ ಆಟೋದಾಗೆ ಆಕ್ಕೊಂಡು ಹೋದ್ರು" ಎಂದೆ.

"ಆಟೋದಲ್ಲಾ..." ಎಂದು ಕಣ್ಣು ಮುಚ್ಚಿದರು. "ಎಲ್ಲ ಅಲ್ಲೇ ಮಾಡ್ತಾರಾ?"

"ಅಲ್ಲೇ ಮಾಡೋದು. ಇಲ್ಲಿ ಎಲ್ಲೈತೆ ಜಾಗ?"

"ಒಳ್ಳೇ ಕೈ ಅಮ್ಮ ಅದು."

"ಕೈ ಒಳ್ಳೇದೇ. ತಲೆ ಇರ್ಲಿಲ್ಲ ಅಷ್ಟೇ."

ಅವರು ಹಾರವನ್ನು ಬೀಗಕ್ಕೆ ಸಿಕ್ಕಿಸಿ, ಕೈ ಮುಗಿದು ಹೋದರು. ಬೀಗಕ್ಕೆ ಯಾಕೆ ಕೈ ಮುಗಿದರು ಎಂದು ನನಗೆ ಅರ್ಥವಾಗಲಿಲ್ಲ. ಕರೆದು ಕೇಳಬಹುದಿತ್ತು. ಕೇಳಲಿಲ್ಲ. ಫ್ಲೆಕ್ಸ್ ಕಟ್ಟಿದವರನ್ನು ಬಯ್ಯುವಾಗ ಇದನ್ನು ಬಿಟ್ಟು ಬಯ್ಯುವುದು ಸರಿಯಲ್ಲ, ಅದಕ್ಕೇ ಹೇಳಿದ್ದೇನೆ.

ಸೋಮವಾರ ಲಕ್ಕಣ್ಣ ಗಂಜಿ ಖಾಕಿ ಹಾಕಿಕೊಂಡು ಅಂಗಡಿಗೆ ಹೋದ. ಹೋದಷ್ಟೇ ಬೇಗ ವಾಪಸು ಬಂದ. ಮೆಷೀನು ಓಡುತ್ತಿತ್ತಂತೆ. ಒಡಿಶಾದವನೊಬ್ಬ ಬಹಳ ದಿನದಿಂದ ಕೆಲಸ ಕೇಳುತ್ತಿದ್ದನಂತೆ. ಭಾನುವಾರವೇ ಅವನಿಗೆ ಮಾತು ಕೊಟ್ಟಿದ್ದರಂತೆ. ಗೋಡೆಯ ಮೇಲೆ ಇವನ ಫೋಟೋ, ಅದಕ್ಕೆ ಕುಂಕುಮ.

"ನಡಿ" ಎಂದು ನಾನೇ ಕರೆದುಕೊಂಡು ಹೋದೆ. ರಂಗರಾಯರು ನನ್ನನ್ನು ನೋಡಿ, "ನೀವೇ ಹೇಳಿದ್ರಲ್ಲಮ್ಮ" ಎಂದರು.

"ನಾನು ಹೇಳಿದ್ದು ಕುರಿಮರಿ ವಿಷಯ ಸ್ವಾಮಿ."

ಅವರು ಮೆಷೀನಿನ ಮುಂದಿದ್ದ ಒಡಿಶಾದವನ ಕಡೆ ಕೈ ತೋರಿಸಿದರು. "ಅವನು ನಿನ್ನೆಯೇ ಹಳೇ ಕೆಲಸ ಬಿಟ್ಟು, ಹೆಂಡತಿ ಮಗು ಕರೆಸ್ಕೊಳ್ಳೋಕೆ ಅಂತ ಮನೆಗೆ ಅಡ್ವಾನ್ಸ್ ಕೊಟ್ಟಿದ್ದಾನೆ. ಈಗ ಹೋಗು ಅಂತ ಹೆಂಗೆ ಹೇಳಲಿ? ಇನ್ನೊಂದು ಮೆಷೀನು ಎಲ್ಲಿಂದ ತರಲಿ?"

ಲಕ್ಕಣ್ಣ ಮೆಷೀನಿನ ಹತ್ತಿರ ಹೋಗಿ ನಿಂತ. ಒಡಿಶಾದವನು ಹೆದರಿ ನಿಲ್ಲಿಸಿದ. ಇವನು ಉಳಿಯನ್ನು ಒಂಚೂರು ಸಡಿಲ ಮಾಡಿ, ಓರೆ ಮಾಡಿ, ಮತ್ತೆ ಬಿಗಿದು, "ಇಂಗಿಟ್ಕೊ" ಎಂದು ಕೈಸನ್ನೆ ಮಾಡಿದ. "ಅವನೇ ಇರ್ಲಿ ಬಿಡಿ ಸಾರ್" ಎಂದು ಸೆಲ್ಯೂಟ್ ಹೊಡೆದು ಆಚೆ ಬಂದ.

ಇದನ್ನು ಕೇಳಿ ಕುಮಾರನ ಬಳಗದವರು ದೊಡ್ಡ ಮನಸ್ಸು ಎಂದರು. ದೊಡ್ಡ ಮನಸ್ಸಲ್ಲ, ಅದು ಸೀರಿಯಲ್ಲಿನ ಬುದ್ಧಿ. ಗಿರಿಧರನೂ ಹೀಗೇ ಎಲ್ಲವನ್ನೂ ಬಿಟ್ಟುಕೊಟ್ಟು ಸೆಲ್ಯೂಟ್ ಹೊಡೆದು ಹೋಗುತ್ತಿದ್ದ. ಗಿರಿಧರನಿಗೆ ಹೊಟ್ಟೆ ಇರಲಿಲ್ಲ. ಇವನಿಗೆ ಇತ್ತು.

ಪೀಣ್ಯದಲ್ಲಿ ಬೇರೆ ಲೇತ್ ಅಂಗಡಿ ಇಲ್ಲವೇ, ಸಾಲು ಸಾಲು ಇವೆ. ಎಲ್ಲ ಕಡೆ ಹೋದ. ಎಲ್ಲರೂ ಟೀ ಕೊಟ್ಟರು, ಫೋಟೋ ತೆಗೆಸಿಕೊಂಡರು, "ಸಾಹೇಬ್ರು ಲೇತ್ ಮುಂದೆ ನಿಲ್ಲೋದಾ, ತಮಾಷೆ ಮಾಡ್ಬೇಡಿ ಅಣ್ಣ" ಎಂದು ಕಳಿಸಿದರು. ಅಷ್ಟು ಪ್ರೀತಿ ಅವನ ಮೇಲೆ. ಕೆಲಸ ಕೊಡಲು ಆಗದಷ್ಟು.

ಫ್ಲೆಕ್ಸಾದರೂ ಇಳಿಸಿರೋ ಎಂದರೆ ಕುಮಾರ ಆಗಲ್ಲ ಎಂದು ತಲೆ ಆಡಿಸಿದ. "ಹನ್ನೊಂದು ದಿನ ಆಗದೆ ಶ್ರದ್ಧಾಂಜಲಿ ಇಳಿಸಬಾರದು ಅಜ್ಜಿ. ಅಣ್ಣನಿಗೆ ಕೆಟ್ಟದಾಗ್ತದೆ." ಅದರ ಕೆಳಗೇ ಲಕ್ಕಣ್ಣ ಬಸ್ಸಿಗೆ ಕಾಯುತ್ತಿದ್ದ. ಒಂದು ದಿನ ನನಗೆ ಸಿಕ್ಕಿದಾಗ ತಲೆ ಎತ್ತಿ ಅದನ್ನೇ ನೋಡುತ್ತಾ, "ಫೋಟೋ ಮಾತ್ರ ಚೆನ್ನಾಗಿ ಬಂದೈತೆ ಅಜ್ಜಿ, ಅಲ್ವಾ?" ಎಂದ. ನನಗೆ ಅವನ ಕೆನ್ನೆಗೆ ಬಿಡಬೇಕು ಅನ್ನಿಸಿತು.

ಹತ್ತನೇ ದಿನ ಮನೆ ಖಾಲಿ ಮಾಡಿದ. ಸಿಟಿಯ ಆ ತುದಿಯಲ್ಲಿ, ಬೊಮ್ಮಸಂದ್ರದಲ್ಲಿ, ಒಂದು ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿತ್ತು. ಅಲ್ಲಿಯ ಸೂಪರ್‌ವೈಸರ್ ತಮಿಳಿನವನು, ಈ ಸೀರಿಯಲ್ ಕಂಡವನಲ್ಲ. ಅವನು ಕೈ ನೋಡಿದ, ಮೀಸೆ ನೋಡಲಿಲ್ಲ. ಸರೋಜ ಹೊಸ ಗಾರ್ಮೆಂಟ್ಸ್ ಹುಡುಕಿಕೊಳ್ಳಬೇಕು.

ಟೆಂಪೋ ಹೊರಡುವಾಗ ಬಳಗದವರು ಹಾರ ತಂದು ಹಾಕಿ, ಫೋಟೋ ತೆಗೆದುಕೊಂಡರು. ಒಬ್ಬನೂ ಮಂಚದ ಒಂದು ಕಾಲು ಹಿಡಿದು ಎತ್ತಲಿಲ್ಲ. ಲಕ್ಕಣ್ಣ ಹಟ್ಟಿಯ ಹತ್ತಿರ ಬಂದ. ಮೈಮೇಲೆ ಖಾಕಿ ಇರಲಿಲ್ಲ, ಮಾಸಲು ಬನಿಯನ್ನು.

"ಮೊದಲೇ ಬರ್ತೀನಿ ಅಂತಿದ್ದೆ ಅಜ್ಜಿ. ನಾನೂ ಎಲ್ಲ ಮುಗಿದ ಮೇಲೇ ಬಂದೆ."

"ಫೋನ್ ಆಫ್ ಮಾಡ್ಕೊಂಡು ಹರಕೆಗೆ ಹೋದ್ರೆ ಇನ್ನೇನಾಯ್ತದೆ. ಹೋಗು. ಅಲ್ಲಾದ್ರೂ ಕೆಲಸ ನೋಡ್ಕೊ."

ಹಿಮ್ಮಡಿ ಕೂಡಿಸಿದ. ಕೈ ಅರ್ಧಕ್ಕೆ ಎತ್ತಿದವನು, ಅಭಿಮಾನಿಗಳು ಮೊಬೈಲು ಹಿಡಿದದ್ದನ್ನು ನೋಡಿ, ಇಳಿಸಿಬಿಟ್ಟ. ಕಂಪ್ಲೇಂಟ್ ಐತಾ ಎಂದು ಕೇಳಲಿಲ್ಲ. ಟೆಂಪೋ ಹತ್ತುವಾಗ ಎರಡು ಕಾಲನ್ನೂ ನಡುವೆ ನಿಲ್ಲದೆ ಎತ್ತಿಟ್ಟ.

ಮಾರನೇ ದಿನ ಬೆಳಿಗ್ಗೆ, ಹನ್ನೊಂದನೇ ದಿನ, ಕುಡುಗೋಲು ತೆಗೆದುಕೊಂಡು ಬಸ್‌ಸ್ಟಾಪಿಗೆ ಹೋದೆ. ಹಗ್ಗ ಕೊಯ್ದು ಫ್ಲೆಕ್ಸ್ ಇಳಿಸಿದೆ. ಕುಮಾರ ಅಂಗಡಿಯಿಂದ ನೋಡಿದ, ಆಚೆ ಬರಲಿಲ್ಲ. ಮನೆಗೆ ಎಳೆದು ತಂದು ಅಕ್ಷರಗಳಿದ್ದ ತಲೆಭಾಗವನ್ನೂ ಇಪ್ಪತ್ತು ಮುಖಗಳನ್ನೂ ಕತ್ತರಿಸಿ ಸಗಣಿ ಗುಂಡಿಗೆ ಹಾಕಿದೆ. ಉಳಿದದ್ದನ್ನು ಹಟ್ಟಿಯ ಸೋರುವ ಸೂರಿಗೆ ಕಟ್ಟಿದೆ, ಮುಖ ಒಳಗಡೆ ಬರುವ ಹಾಗೆ. ಹೊರಗೆ ಹಾಕಿದರೆ ಬಿಸಿಲಿಗೆ ಬಣ್ಣ ಹೋಗುತ್ತದೆ. ಆಮೇಲೆ ಹಾಲು ಕರೆಯಲು ಕೂತೆ.