ಗಾಳಿ ಹಿಡಿಯಲು ಮೂರು ಊರಿಗೆ

ಮಾಗಿಯ ಚಳಿಯಲ್ಲಿ ನಾಗನೂರಿನಿಂದ ಮೂಡಲಗಿಯ ಬಸ್ಸು ಹತ್ತಿದೆವು. ಹೆಂಗಸರಿಗೆ ಬಸ್ಸು ಪುಕ್ಕಟೆ. ಮೊಮ್ಮಗಳು ಸವಿತಾ ತಂದಿದ್ದ ಪೆಟ್ಟಿಗೆಗೆ ಮಾತ್ರ ಕಂಡಕ್ಟರ್ ಲಗೇಜು ಟಿಕೆಟ್ ಹರಿದ.

"ಏನೈತಿ ಬೇ ಇದರಾಗ?"

"ಗಾಳಿ ಹಿಡಿಯೋ ಮಿಷನ್," ಎಂದೆ.

"ಗಾಳಿಗೂ ಟಿಕೆಟ್ ತಗೀಲೇನು?"

"ನಿನ್ನ ಬಾಯಾಗಿಂದ ಹೊಂಟದ್ದಕ್ಕ ಮೊದಲ ತಗಿ."

ಸವಿತಾ ವಿಜ್ಞಾನ ಓದುತ್ತಾಳೆ. ಹೋದ ವರ್ಷ ಹಿಮ ಬೀಳುವ ಗುಡ್ಡಕ್ಕೆ ಹೋಗಿ, ಬಿದ್ದ ಹಿಮ ಕರಗಿಸಿ, ಅದರಲ್ಲಿ ಗಾಳಿಯ ವಿಷ ಎಷ್ಟು ಕೂತಿದೆ ಎಂದು ಅಳೆದಿದ್ದಳು. ನಮ್ಮಲ್ಲಿ ಹಿಮವಿಲ್ಲ, ಅದಕ್ಕೇ ಈ ಪೆಟ್ಟಿಗೆ. ಒಂದು ಹಗಲು ಒಂದು ರಾತ್ರಿ ಗಾಳಿ ಎಳೆದು, ಬಾಯಿಗಿಟ್ಟ ಬಿಳಿ ಕಾಗದದ ಮೇಲೆ ಹೊಲಸನ್ನು ಹಿಡಿಯುತ್ತದೆ. ಕಾಗದ ನಾಲ್ಕೇ ಇದ್ದವು. ಮೂರು ಊರಿಗೆ ಮೂರು, ಮೇಲೊಂದು. ಪೆಟ್ಟಿಗೆ ಇಡಲು ಮಾಳಿಗೆ ಕೇಳಬೇಕೆಂದರೆ ನೆಂಟರ ಗುರುತು ಬೇಕಲ್ಲ, ಅದಕ್ಕೆ ನಾನು.

ಮೂಡಲಗಿಯಲ್ಲಿ ಸೋದರಳಿಯನ ಮಾಳಿಗೆಯ ಮೇಲೆ ಇಟ್ಟೆವು. ಮರುದಿನ ತೆಗೆದರೆ ಕಾಗದ ಬೂದಿ ಬಣ್ಣ. ರಾತ್ರಿಯೆಲ್ಲ ನಾನೂ ಅದೇ ಗಾಳಿಯನ್ನು ಉಸಿರಾಡಿದ್ದೆ.

ಅಲ್ಲಿಂದ ಘೋಡಗೇರಿ, ಹುಕ್ಕೇರಿ ತಾಲೂಕು. ನನ್ನ ತಮ್ಮನ ಹೊಲದ ಮನೆಯ ಮಾಳಿಗೆಗೆ ಪೆಟ್ಟಿಗೆ ಏರಿಸಿದೆವು. "ಇಲ್ಲಿ ಗಾಳಿ ಸ್ವಚ್ಛ ಐತಿ ಆಯಿ, ಉಳಿದ ಊರನ್ನ ಇದರ ಕೂಡ ಹಿಡದ ನೋಡಬೇಕು. ಇದು ಕೆಟ್ಟರ ಎಲ್ಲಾ ಕೆಟ್ಟಂಗ," ಎಂದಳು ಸವಿತಾ.

ಮರುದಿನ ಅಮಾವಾಸ್ಯೆ. ತಮ್ಮ ಟ್ರ್ಯಾಕ್ಟರಿಗೆ, ಪಂಪಿಗೆ ಪೂಜೆ ಮಾಡಿದ. ದುಡಿಯುವ ಮಿಷನ್ನಿಗೆ ಅಮಾವಾಸ್ಯೆಯಂದು ಕಡ್ಡಿ ಬೆಳಗದೆ ಬಿಡುವವರಲ್ಲ ನಾವು. ಸವಿತಾ ಜಳಕಕ್ಕೆ ಹೋದಾಗ ನಾನು ಮೇಲೆ ಹತ್ತಿ, ಪೆಟ್ಟಿಗೆಗೆ ಕುಂಕುಮ ಹಚ್ಚಿ, ಅದರ ಬಾಯಿಯ ಪಕ್ಕದಲ್ಲೇ ಐದು ಊದಿನಕಡ್ಡಿ ಸಿಗಿಸಿದೆ. ಹೊಗೆ ಮೇಲೆ ಏಳಲೇ ಇಲ್ಲ. ದಾರ ಪೋಣಿಸಿದಂತೆ ನೆಟ್ಟಗೆ ಪೆಟ್ಟಿಗೆಯ ಒಳಗೆ ಹೋಯಿತು. ನೋಡುತ್ತ ನಿಂತೆ. ಕಡ್ಡಿ ಅರ್ಧ ಉರಿದ ಮೇಲೆ ತಲೆಗೆ ಹೊಳೆಯಿತು.

ಕುಂಕುಮ ಒರೆಸಿ ಸುಮ್ಮನಿರಬಹುದಿತ್ತು. ಕಾಗದ ನೋಡಿದರೆ ಯಾರಿಗೂ ತಿಳಿಯುವಂತಿರಲಿಲ್ಲ. ಆದರೆ ಅವಳು ಘೋಡಗೇರಿಯ ಗಾಳಿಯೆಂದು ನನ್ನ ಕಡ್ಡಿಯನ್ನು ಅಳೆಯುತ್ತಿದ್ದಳು. ಹೇಳಿಬಿಟ್ಟೆ.

"ಆಯಿ! ಅದೇನ ದೇವರೇನ?"

"ಟ್ರ್ಯಾಕ್ಟರ್ ಯಾವ ದೇವರು? ಬೈಯೋದ ಆಮ್ಯಾಲ ಬೈ. ಮೊದಲ ಕಾಗದ ಬದಲಿ ಮಾಡು."

ಕೆಳಗಿನಿಂದ ತಮ್ಮ ನಕ್ಕ. "ಅಕ್ಕಾ, ಅದರ ಮ್ಯಾಲ ಕಾಯಿ ಒಡೀಲಿಲ್ಲಲ್ಲ, ಪುಣ್ಯಾ!"

ಸವಿತಾ ನಗಲಿಲ್ಲ. ಕೆಟ್ಟ ಕಾಗದಕ್ಕೆ 'ಊದಿನಕಡ್ಡಿ' ಎಂದು ಬರೆದು ಬೇರೆ ಇಟ್ಟಳು. ಹೆಚ್ಚಿಗೆ ತಂದಿದ್ದ ಒಂದನ್ನು ಹಾಕಿದಳು. ಅದೂ ಕೆಟ್ಟರೆ, ಮೂರನೆಯ ಊರಿಗೆ ಇಟ್ಟದ್ದು ಬಿಟ್ಟು ಬೇರೆ ಇಲ್ಲ. ಆ ದಿನ ಮನೆಯಲ್ಲಿ ಒಲೆ ಹಚ್ಚಗೊಡಲಿಲ್ಲ ನಾನು. ಮೊದಲೇ ಸುಟ್ಟಿಟ್ಟ ಕಟಕ ರೊಟ್ಟಿಯನ್ನು ಮೊಸರಲ್ಲಿ ನೆನೆಸಿ, ಶೇಂಗಾ ಚಟ್ನಿ ಹಚ್ಚಿ ತಿಂದೆವು. ಏಣಿಯ ಬುಡದಲ್ಲೇ ಕೂತು ಬೀಡಿಯವರನ್ನೆಲ್ಲ ಅಟ್ಟಿದೆ.

ಕೊನೆಯ ಕಾಗದಕ್ಕೆ ಗೋಕಾಕದ ಗಾಳಿ ಹಿಡಿದೆವು. ಅಲ್ಲಿಯ ಒಂದು ಕಾಲೇಜಿನಲ್ಲಿ ಸವಿತಾಳ ಗೆಳತಿ ಕಲಿಸುತ್ತಾಳೆ. ಇಬ್ಬರೂ ಕಾಗದಗಳನ್ನು ಔಷಧದಲ್ಲಿ ನೆನೆಸಿ, ಆ ರಸವನ್ನು ಕಣ್ಣಿಗೆ ಕಾಣದ ಜೀವಿಗಳಿಗೆ ಉಣಿಸಿದರು. ಆ ಜೀವಿಗಳು ಸುಮ್ಮನೆ ಬೆಳೆಯುವುದು ಅಪರೂಪವಂತೆ. ಹೊಲಸು ಅವುಗಳ ಹುಟ್ಟುಗುಣವನ್ನೇ ಬದಲಿಸಿದರೆ ಬೆಳೆದು ಚುಕ್ಕಿಯಾಗುತ್ತವೆ; ಚುಕ್ಕಿ ಹೆಚ್ಚಾದಷ್ಟು ವಿಷ ಹೆಚ್ಚು. ಎರಡು ದಿನ ಕಾದೆವು. ಕರದಂಟು ಚೀಪಿದೆ, ಅಗಿಯಲು ಹಲ್ಲಿಲ್ಲ.

ಮೂರನೆಯ ದಿನ ಗಾಜಿನ ತಟ್ಟೆಗಳನ್ನು ತೋರಿಸಿದರು. ಘೋಡಗೇರಿಯ ತಟ್ಟೆಯಲ್ಲಿ ಅಲ್ಲೊಂದು ಇಲ್ಲೊಂದು ಚುಕ್ಕಿ. ಮೂಡಲಗಿ, ಗೋಕಾಕದವುಗಳಲ್ಲಿ ಅದಕ್ಕಿಂತ ಹೆಚ್ಚು. ನನ್ನ ಊದಿನಕಡ್ಡಿಯದರಲ್ಲಿ ಸಾಸಿವೆ ಚೆಲ್ಲಿದಂತಿತ್ತು. ಗೋಕಾಕ ಫಾಲ್ಸ್ ತುಂಬಿ ಬೀಳುವುದನ್ನು ಸಣ್ಣವಳಿದ್ದಾಗಿನಿಂದ ಕಂಡಿದ್ದೇನೆ. ಅಲ್ಲಿಯೂ ಇಷ್ಟು ಹೊತ್ತು ಬಾಯಿ ತೆರೆದು ನಿಂತವಳಲ್ಲ.

"ಐದು ಕಡ್ಡಿಗೆ ಇಷ್ಟಾದರ, ನನ್ನ ಐವತ್ತ ವರ್ಷದ ಒಲಿಗೆ?"

ಸವಿತಾ ನನ್ನ ಕೈ ಹಿಡಿದಳು. "ಅದನ್ನ ಅಳಿಯಾಕ ನನ್ನ ಹತ್ರ ಕಾಗದ ಇಲ್ಲ, ಆಯಿ."

ಸಂಜೆ ನಾಗನೂರಲ್ಲಿ ಇಳಿದೆ. ಮನೆ ಮನೆಯಿಂದ ಹೊಗೆ ಏಳುತ್ತಿತ್ತು. ಮೊದಲೆಲ್ಲ ಅದನ್ನು ಕಂಡರೆ ಹಸಿವಾಗುತ್ತಿತ್ತು. ಅಂದೂ ಹಸಿವಾಯಿತು. ಆದರೆ ಮೂಗಿಗೆ ಸೆರಗು ಹಿಡಿದೇ ಮನೆಗೆ ನಡೆದೆ.