ಏಳನೇ ಮಂಚದ ನಗಾರಿ

ಅಟ್ಟದಿಂದ ಹಳೆಯ ಪಾತ್ರೆ ಇಳಿಸುವಾಗ ಮೊಮ್ಮಗಳ ಕೈಗೆ ಹಿತ್ತಾಳೆಯ ಒಳಲೆ ಸಿಕ್ಕಿತು. ಕೂಸಿಗೆ ಹಾಲು ಕುಡಿಸುವ ಅಂಥ ಒಳಲೆ ಅಗ್ರಹಾರದ ಯಾವ ಮನೆಯಲ್ಲಿಲ್ಲ? ಆದರೆ ನಮ್ಮ ಪಾತ್ರೆಗಳ ಮೇಲೆಲ್ಲ ಹೆಸರು ಕೊರೆಸಿದೆ, ಇದರ ಮೇಲಿಲ್ಲ. ನಾನು ಆಸ್ಪತ್ರೆಯಲ್ಲಿ ನರ್ಸ್ ಕೆಲಸ ಕಲಿಯುತ್ತಿದ್ದಾಗ ಹೆಂಗಸರ ವಾರ್ಡಿನಲ್ಲಿದ್ದ ಆಯಾ ಅವರದು ಇದು. ಎದ್ದು ಕೂರಲಾಗದವರಿಗೆ ಗಂಜಿ ಕುಡಿಸುತ್ತಿದ್ದುದು ಇದರಲ್ಲೇ... ಹುಣಸೆಹಣ್ಣು ಹಚ್ಚಿ ತಿಕ್ಕಿದೆ. ಒಳಲೆಗೆ ಹೊಳಪು ಬಂತು, ನನಗೆ ಸಿಟ್ಟು ಬಂತು.

ಅದು ಮಹಾರಾಜರ ಕಾಲ. ನಮ್ಮ ವಾರ್ಡಿನ ಗುಟ್ಟಿನ ಮಾತೆಲ್ಲ ದಸರಾದ್ದೇ. ಡಾಕ್ಟರು ಹಿಂದೆ ಮುಂದೆ ಜನ ಕಟ್ಟಿಕೊಂಡು ರೌಂಡ್ಸಿಗೆ ಬಂದರೆ ‘ಜಂಬೂಸವಾರಿ’. ಇನ್ನು ಉಳಿಯುವುದಿಲ್ಲ ಎನ್ನಿಸಿದವರು ‘ಬನ್ನಿಮಂಟಪ’, ಮೆರವಣಿಗೆ ಮುಗಿಯುವುದು ಅಲ್ಲೇ ತಾನೆ! ರೋಗಿಗಳಿಗೆ ತಿಳಿದು ನೋವಾಗಬಾರದು, ಅದಕ್ಕೇ ಹಾಗೆ ಎನ್ನುತ್ತಿದ್ದೆವು. ಹಸಿ ಸುಳ್ಳು. ನಗುವುದಕ್ಕೇ ಹುಟ್ಟಿದ ಮಾತುಗಳು ಅವು.

ಏಳನೇ ಮಂಚದ ಹೆಂಗಸು ಹೊಟ್ಟೆನೋವೆಂದು ಹಗಲೆಲ್ಲ ಕೂಗುತ್ತಿದ್ದಳು. ಅವಳಿಗೆ ‘ನಗಾರಿ’ ಎಂದು ಹೆಸರಿಟ್ಟೆವು. ಪಾಳಿ ಬದಲಾಗುವಾಗ ಒಬ್ಬೊಬ್ಬ ರೋಗಿಯ ಸ್ಥಿತಿಯನ್ನೂ ಬಾಯಿಬಿಟ್ಟು ಒಪ್ಪಿಸಬೇಕು. ಏಳನೆಯದಕ್ಕೆ ಬಂದಾಗ ‘ನಗಾರಿ’ ಎಂದರೆ ಮುಗಿಯಿತು. ನೋವು ಎಲ್ಲಿ, ಎಷ್ಟು ಎಂದು ಯಾರೂ ಹೇಳುತ್ತಿರಲಿಲ್ಲ, ಯಾರೂ ಕೇಳುತ್ತಿರಲಿಲ್ಲ. ಆಯಾ ಮಾತ್ರ ಅವಳನ್ನು ಪುಟ್ಟತಾಯಮ್ಮ ಎಂದೇ ಕರೆಯುತ್ತಿದ್ದರು. ವಾರ್ಡಿನ ಅಷ್ಟೂ ಜನರ ಹೆಸರು ಅವರ ಬಾಯಲ್ಲಿತ್ತು. ಕೊರಳಲ್ಲಿ ಜಪಮಾಲೆ ಇತ್ತೆಂದು ಅವರಿಗೂ ನಾವೊಂದು ಹೆಸರಿಟ್ಟಿದ್ದೆವು, ‘ಪಾದ್ರಿ’.

ಒಂದು ಬೆಳಿಗ್ಗೆ ಕೂಗು ನಿಂತಿತ್ತು. “ಸದ್ಯ, ಇವತ್ತು ನಗಾರಿಗೆ ರಜಾ ಕಣ್ರೇ” ಎಂದು ಹಿಂದಿನ ಪಾಳಿಯವಳು ಒಪ್ಪಿಸಿ ಹೋದಳು. ನಾನೂ ನಕ್ಕೆ.

ಆಯಾ ಒಳಲೆ ಹಿಡಿದುಕೊಂಡೇ ನನ್ನ ಬಳಿ ಬಂದರು. “ನರ್ಸಮ್ಮ, ಪುಟ್ಟತಾಯಮ್ಮ ಸುಮ್ಕಾಗ್ಬುಟ್ಟವ್ಳೆ. ನೋವು ವಾಸಿಯಾಗಿರೋ ಮೊಕ ಅಲ್ಲ ಕಣಮ್ಮ ಅದು. ವಸಿ ಬಂದು ನೋಡಿ.”

ಜಂಬೂಸವಾರಿ ಬರುವ ಹೊತ್ತು. ಹೊದಿಕೆ ಸುಕ್ಕಿದ್ದರೆ ದೊಡ್ಡ ನರ್ಸಮ್ಮ ಬೈಯುತ್ತಿದ್ದರು. “ಆಮೇಲೆ ನೋಡೋಣ, ಹೋಗಿ” ಎಂದು ನಾನು ಹೊದಿಕೆ ಎಳೆಯುತ್ತಾ ನಿಂತೆ.

ಆಯಾಗಳು ಡಾಕ್ಟರೆದುರು ಬಾಯಿ ತೆರೆಯುವ ಹಾಗಿರಲಿಲ್ಲ. ಆಕೆ ಹೋಗಿ ಅವರ ದಾರಿಗೇ ಅಡ್ಡ ನಿಂತರು. “ಸ್ವಾಮಿ, ಮೊದ್ಲು ಪುಟ್ಟತಾಯಮ್ಮನ್ನ ನೋಡಿ.”

“ಯಾರು ಪುಟ್ಟತಾಯಮ್ಮ?” ಎಂದರು ಡಾಕ್ಟರು.

ನಮ್ಮಲ್ಲೊಬ್ಬಳು ಮೆಲ್ಲಗೆ “ನಗಾರಿ, ಸಾರ್” ಎಂದಳು. ಅವರಿಗೆ ಕೂಡಲೇ ತಿಳಿಯಿತು. ಎಂಥ ಮಾನಗೇಡು!

ಹೊಟ್ಟೆ ಹಲಗೆಯ ಹಾಗೆ ಬಿಗಿದಿತ್ತು. ಒಳಗೆ ಕರುಳು ಒಡೆದು ಕೀವು ಹರಡಿತ್ತು. ಆಗಲೇ ಕೊಯ್ದರು, ಪುಟ್ಟತಾಯಮ್ಮ ಬದುಕಿದಳು. ಬದುಕಿಸಿದವರಿಗೆ ಏನು ಸಿಕ್ಕಿತು? ವಿಚಾರಣೆ! ನರ್ಸಿಗೆ ಹೇಳದೆ ಡಾಕ್ಟರನ್ನು ತಡೆದಳಂತೆ. “ಇವ್ರಿಗೇ ಮೊದ್ಲು ಹೇಳ್ದೆ” ಎಂದು ಆಯಾ ನನ್ನ ಕಡೆ ನೋಡಿದರು. ದೊಡ್ಡ ನರ್ಸಮ್ಮ ನನ್ನತ್ತ ತಿರುಗಿ, “ಹೇಳಿದ್ಳೇನೇ?” ಎಂದರು.

“ಇಲ್ಲ” ಎಂದೆ.

ಅಂದೇ ಆಕೆಯನ್ನು ಕೆಲಸದಿಂದ ತೆಗೆದರು. ಒಳಲೆ ವಾರ್ಡಿನ ಕಿಟಕಿಯಲ್ಲೇ ಉಳಿಯಿತು, ನಾನೇ ಎತ್ತಿಟ್ಟುಕೊಂಡೆ. ನನ್ನದೊಂದು ‘ಹೌದು’... ಅಷ್ಟೇ ಬೇಕಿತ್ತು. ಆ ಡಾಕ್ಟರ ಮೇಲೆ, ದೊಡ್ಡ ನರ್ಸಮ್ಮನ ಮೇಲೆ ಇಂದಿಗೂ ಕಿಡಿಕಾರುತ್ತೇನೆ. ಕಾರಿದ ಕಿಡಿಯೆಲ್ಲ ಬಂದು ಬೀಳುವುದು ನನ್ನ ಸೆರಗಿಗೇ.

ಕೆಲವು ವರ್ಷಗಳ ಮೇಲೆ ಒಳಲೆ ಕಟ್ಟಿಕೊಂಡು ಆಕೆ ಹೋಗುತ್ತಿದ್ದ ಚರ್ಚಿಗೆ ಹೋದೆ. ಅಂಗಳ ಗುಡಿಸುತ್ತಿದ್ದ ಮುದುಕ ಪೊರಕೆ ನಿಲ್ಲಿಸಿ, “ಆಸ್ಪತ್ರೆ ಆಯಾಗಳು ನಾಕೈದು ಜನ ಅವ್ರೆ ಕಣಮ್ಮ. ಎಸ್ರೇನು?” ಎಂದ. ನನಗೆ ಗೊತ್ತಿದ್ದುದು ನಾವಿಟ್ಟ ಹೆಸರೊಂದೇ. ಆ ಅಂಗಳದಲ್ಲಿ ನಿಂತು ಅದನ್ನು ಹೇಳಲು ನಾಲಗೆ ಏಳಲಿಲ್ಲ... ಬಂದ ದಾರಿ ಹಿಡಿದೆ. ಆಕೆ ಈಗ ಎಲ್ಲಿರುತ್ತಾರೆ, ತೀರಿಹೋಗಿ ಎಷ್ಟು ಕಾಲವಾಯಿತೋ.

“ಹೆಸರು ಕೊರೆಯೋನು ಬೀದೀಲಿ ಬಂದಿದಾನೆ ಅಜ್ಜಿ. ಇದರ ಮೇಲೂ ನಮ್ಮ ಹೆಸರು ಹಾಕಿಸ್ಲಾ?” ಎಂದು ಮೊಮ್ಮಗಳು ಒಳಲೆ ಎತ್ತಿಕೊಂಡು ಕೇಳಿದಳು.

ಒಳಲೆಯನ್ನು ಅವಳ ಕೈಯಿಂದ ಕಿತ್ತುಕೊಂಡೆ. “ಬೇಡ. ಅವರಿಗೆ ನಾವು ಹೆಸರು ಹಾಕಿದ್ದು ಸಾಕು.”